ಹಳೆಯ ಮೋಟಾರು, ಊರಿನ ಲೇತು

ಹಳೆಯ ಮೋಟಾರು ಕಾರು ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ಅರಮನೆಯ ನೆನಪು ಬರುತ್ತದೆ. ಮೈಸೂರಿನ ಮಹಾರಾಜರು ರೋಲ್ಸ್ ರಾಯ್ಸ್ ಕಾರುಗಳನ್ನು ಒಂದೊಂದಾಗಿ ಕೊಳ್ಳದೆ ಏಳೇಳರ ಲೆಕ್ಕದಲ್ಲಿ ಕೊಳ್ಳುತ್ತಿದ್ದರೆಂಬ ಮಾತು ಇಂದಿಗೂ ಬಲ್ಲವರ ಬಾಯಲ್ಲಿದೆ. ಹಳೆಯ ಕಾರುಗಳ ವೈಭವವನ್ನು ಕಣ್ಣಾರೆ ಕಾಣಬೇಕೆನ್ನುವವರು ಧರ್ಮಸ್ಥಳಕ್ಕೆ ಹೋಗಿ, ಶ್ರೀ ವೀರೇಂದ್ರ ಹೆಗ್ಗಡೆಯವರು ಅಕ್ಕರೆಯಿಂದ ಕೂಡಿಸಿಟ್ಟ ಸಂಗ್ರಹವನ್ನು ನೋಡಿಬರಬಹುದು. ಅಂಥ ಕಾರುಗಳ ಚರಿತ್ರೆಯನ್ನು ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನಿಲ್ಲಿ ಹೇಳಹೊರಟಿರುವುದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಕೊಬ್ಬರಿ ಅಟ್ಟದ ಕೆಳಗೋ ದನದ ಕೊಟ್ಟಿಗೆಯ ಮಗ್ಗುಲಲ್ಲೋ ನಿಂತು, ಕೆಟ್ಟು, ರಿಪೇರಿಯಾಗಿ, ಮತ್ತೆ ಕೆಟ್ಟು, ಮತ್ತೆ ರಿಪೇರಿಯಾಗಿ ಉಳಿದುಬಂದ ಕಾರುಗಳ ಮಾತು. ಇನ್ನೂ ಸರಿಯಾಗಿ ಹೇಳುವುದಾದರೆ, ಆ ರಿಪೇರಿಯ ಮಾತು.

‘ವಿಂಟೇಜ್’ ಎಂಬ ಶಬ್ದ ಮೂಲದಲ್ಲಿ ದ್ರಾಕ್ಷಿಯ ಸುಗ್ಗಿಗೆ ಸಂಬಂಧಿಸಿದ್ದು. ಯಾವ ವರ್ಷದ ಬೆಳೆಯಿಂದ ಇಳಿಸಿದ ಮದ್ಯವೆಂಬುದನ್ನು ಅದು ಸೂಚಿಸುತ್ತಿತ್ತು. 1934ರಲ್ಲಿ ಸಂಘ ಕಟ್ಟಿಕೊಂಡ ಇಂಗ್ಲೆಂಡಿನ ಹವ್ಯಾಸಿಗಳು ಅದನ್ನು ಕಾರಿಗೆ ಅಂಟಿಸಿ, 1919ರಿಂದ 1930ರವರೆಗೆ ತಯಾರಾದ ಗಾಡಿಗೆ ಮಾತ್ರ ಆ ಹೆಸರು ಸಲ್ಲತಕ್ಕದ್ದೆಂದು ಗೆರೆ ಎಳೆದರು. ನಮ್ಮ ಕೇಂದ್ರ ಸರ್ಕಾರ ಇಷ್ಟು ಮಡಿವಂತಿಕೆ ತೋರಿಸಿಲ್ಲ. 2021ರ ಜುಲೈಯಲ್ಲಿ ಹೊರಬಿದ್ದ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ಕಳೆದ ಖಾಸಗಿ ವಾಹನವೆಲ್ಲ ವಿಂಟೇಜೇ. ಆದ್ದರಿಂದ ನನ್ನ ಬಳಿ ಇರುವ 1955ರ ಲ್ಯಾಂಡ್‌ಮಾಸ್ಟರ್ ಇಂಗ್ಲೆಂಡಿನಲ್ಲಾದರೆ ಬರಿಯ ಹಳೆಯ ಕಾರು, ಇಲ್ಲಿ ವಿಂಟೇಜ್. ಈ ಬಡ್ತಿಯಿಂದ ಅದಕ್ಕೇನೂ ಜಂಬ ಬಂದಂತೆ ಕಾಣಲಿಲ್ಲ. ಬೆಳಗಿನ ಚಳಿಯಲ್ಲಿ ಎಂದಿನಂತೆಯೇ ಮೊಂಡಾಟ ಮಾಡುತ್ತದೆ.

ರಿಪೇರಿ ಮುಗಿದಾಗಲೆಲ್ಲ ಗಾಡಿಯನ್ನು ಪರೀಕ್ಷೆಗೆಂದು ತಿಪಟೂರಿನಿಂದ ಹೊರಡಿಸಿ, ಹುಳಿಯಾರಿನ ಮೇಲೆ ಬೋರನಕಣಿವೆಯವರೆಗೆ ಓಡಿಸುವುದು ನನ್ನ ರೂಢಿ. ಸುವರ್ಣಮುಖಿ ಹೊಳೆಗೆ ಗುಡ್ಡಗಳ ನಡುವೆ ಅಡ್ಡ ಹಾಕಿದ ಆ ಕಲ್ಲು ಗಾರೆಯ ಕಟ್ಟೆ, ಶೇಷಾದ್ರಿ ಅಯ್ಯರ್ ಅವರು ಮೈಸೂರಿನ ದಿವಾನರಾಗಿದ್ದ ಕಾಲದ್ದು. ಅವರ ದಿವಾನಗಿರಿ 1883ರಿಂದ 1901ರವರೆಗೆ. ಸರಿಯಾಗಿ ಆ ಅವಧಿಯಲ್ಲೇ ಜರ್ಮನಿಯಲ್ಲಿ ಕಾರ್ಲ್ ಬೆಂಜ್ ಎಂಬಾತ 1886ರ ಜನವರಿ 29ರಂದು ತನ್ನ ಮೂರು ಗಾಲಿಯ ಮೋಟಾರು ಬಂಡಿಗೆ ಹಕ್ಕುಪತ್ರ ಕೋರಿದ್ದು. ಕಟ್ಟೆಯೂ ಕಾರೂ ಒಂದೇ ಓರಗೆಯವು ಎನ್ನಬಹುದು.

ಬೆಂಜನ ಬಂಡಿಯನ್ನು ಮೊದಲು ದೂರ ಓಡಿಸಿದವಳು ಅವನ ಹೆಂಡತಿ ಬರ್ಥಾ. 1888ರ ಆಗಸ್ಟಿನಲ್ಲಿ, ಗಂಡನಿಗೆ ತಿಳಿಸದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ, ನೂರು ಕಿಲೋಮೀಟರಿಗೂ ಮೇಲಿನ ದಾರಿಯನ್ನು ಆಕೆ ಕ್ರಮಿಸಿದಳು. ದಾರಿಯಲ್ಲಿ ಇಂಧನದ ನಾಳ ಕಟ್ಟಿಕೊಂಡಿತು. ಟೊಪ್ಪಿಗೆಯ ಸೂಜಿಯಿಂದ ಚುಚ್ಚಿ ಬಿಡಿಸಿದಳು. ತಂತಿಯ ಹೊದಿಕೆ ಸವೆದು ಕಿಡಿ ಹಾರಿತು. ಕಾಲುಚೀಲದ ಪಟ್ಟಿಯನ್ನು ಸುತ್ತಿದಳು. ಇಂಧನ ಮುಗಿದಾಗ ಔಷಧದ ಅಂಗಡಿಯಲ್ಲಿ ಕೊಂಡಳು. ಬ್ರೇಕಿನ ಮರ ಸವೆದಾಗ ಒಂದು ಹಳ್ಳಿಯ ಚಮ್ಮಾರನಿಂದ ತೊಗಲು ಹೊಡೆಸಿಕೊಂಡಳು. ಏರಿನಲ್ಲಿ ಮಕ್ಕಳು ಇಳಿದು ತಳ್ಳಿದರು. ಮೋಟಾರಿನ ಚರಿತ್ರೆಯಲ್ಲಿ ಮೊದಲ ದೂರಪ್ರಯಾಣವೂ ಮೊದಲ ದಾರಿ ರಿಪೇರಿಯೂ ಹೀಗೆ ಒಂದೇ ದಿನದವು. ಆ ಚಮ್ಮಾರನ ಹೆಸರನ್ನು ಯಾರೂ ನೆನಪಿಟ್ಟಿಲ್ಲ. ನಮ್ಮ ಕಡೆಯ ಕಾರುಗಳನ್ನು ಉಳಿಸಿಕೊಟ್ಟವರೂ ಬಹುಮಟ್ಟಿಗೆ ಅವನ ಜಾತಿಯವರೇ: ಯಂತ್ರಶಾಸ್ತ್ರ ಓದದ, ಹೆಸರು ಉಳಿಯದ ಕಸುಬುದಾರರು.

ಅಂಥ ಕಸುಬುದಾರರು ಇಲ್ಲಿ ಮೊದಲೇ ಇದ್ದರು. ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆಗಳ ಮೇಲೆ ಹರಿಹರದವರೆಗೆ ರೈಲು ಓಡಿದ್ದು 1889ರ ಹೊತ್ತಿಗೆ. ತಿಪಟೂರಿಗೆ ರೈಲು ಬಂತು; ಚಿಕ್ಕನಾಯಕನಹಳ್ಳಿಗೆ, ಹುಳಿಯಾರಿಗೆ, ಬೋರನಕಣಿವೆಗೆ ಬರಲಿಲ್ಲ. ಒಳನಾಡಿನ ತೋಟಗಳ ಕೊಬ್ಬರಿ ತಿಪಟೂರಿನ ಪೇಟೆಯನ್ನು ಸೇರಬೇಕಾದರೆ ಎತ್ತಿನ ಗಾಡಿಯೇ ಗತಿ. ಗಾಡಿ ಎಂದಮೇಲೆ ಗಾಲಿಗೆ ಅರ ಕೂರಿಸುವ ಆಚಾರಿ, ಕೆಂಪಗೆ ಕಾಯಿಸಿದ ಕಬ್ಬಿಣದ ಪಟ್ಟಿಯನ್ನು ಮರದ ಗಾಲಿಗೆ ತೊಡಿಸಿ ನೀರು ಹೊಯ್ದು ಬಿಗಿಸುವ ಕಮ್ಮಾರ, ಇವರಿಲ್ಲದೆ ಆಗದು. ಮೊದಲ ಕಾಲದ ಮೋಟಾರುಗಳಲ್ಲಿ ಅನೇಕಕ್ಕೆ ಗಾಲಿಯ ಅರಗಳು ಮರದವು. ಒಡಲಿನ ಚೌಕಟ್ಟೂ ಮರದ್ದು. ಎಂಜಿನಿನ ಹೊರತು ಮಿಕ್ಕದ್ದೆಲ್ಲ ನಮ್ಮ ಆಚಾರಿಯ ಕಣ್ಣಿಗೆ ಪರಿಚಿತವಾದ ವಸ್ತುವೇ.

ಎಂಜಿನೂ ಅಷ್ಟೇನೂ ದೂರದ್ದಾಗಿರಲಿಲ್ಲ. ಹೆನ್ರಿ ಫೋರ್ಡ್ 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಿಸಿದ ‘ಮಾಡೆಲ್ ಟಿ’ ಕಾರನ್ನು ಅಮೆರಿಕದ ಒಕ್ಕಲಿಗನೇ ತನ್ನ ಹೊಲದ ಬದುವಿನಲ್ಲಿ ಬಿಚ್ಚಿ ಜೋಡಿಸಿಕೊಳ್ಳಬೇಕೆಂಬ ಎಣಿಕೆಯಿಂದಲೇ ಕಟ್ಟಲಾಗಿತ್ತು. ಅದಕ್ಕೆ ಪೆಟ್ರೋಲ್ ಪಂಪಿಲ್ಲ, ನೀರಿನ ಪಂಪಿಲ್ಲ. ಪೆಟ್ರೋಲು ತನ್ನ ಭಾರದಿಂದಲೇ ಇಳಿದುಬರುತ್ತದೆ. ನೀರು ಕಾದರೆ ಮೇಲೇರಿ ತಣಿದರೆ ಕೆಳಗಿಳಿಯುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲು ಕಡಿಮೆಯಿದ್ದು ಏರು ಕಡಿದಾಗಿದ್ದರೆ ಕಾರನ್ನು ತಿರುಗಿಸಿ ಹಿಮ್ಮುಖವಾಗಿ ಹತ್ತಿಸುತ್ತಿದ್ದರು. ಕಂಪನಿಯವರು ಕೊಡುತ್ತಿದ್ದ ಕೈಪಿಡಿ ಪ್ರಶ್ನೋತ್ತರದ ರೂಪದಲ್ಲಿತ್ತು; ನಮ್ಮ ಹಳೆಯ ಪಾಠಶಾಲೆಯ ಪುಸ್ತಕಗಳ ಹಾಗೆ. ಇದಕ್ಕಿಂತ ಸರಳವಾಗಿ ಯಂತ್ರಶಾಸ್ತ್ರವನ್ನು ಜನಸಾಮಾನ್ಯರಿಗೆ ಕಲಿಸಿದ ಪುಸ್ತಕ ಮತ್ತೊಂದಿದೆಯೆಂದು ನನಗೆ ತೋರುವುದಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದು ಇದ್ದಿಲ ಬಸ್ಸುಗಳು ಹೊರಟವು. ಬಸ್ಸಿನ ಬೆನ್ನಿಗೆ ಒಂದು ದೊಡ್ಡ ಒಲೆ. ಕ್ಲೀನರ್ ಹುಡುಗ ಮುಂಜಾನೆ ಎದ್ದು ಫ್ಯಾನು ತಿರುಗಿಸಿ ತಿರುಗಿಸಿ ಕೆಂಡ ಮಾಡಬೇಕು. ಇದ್ದಿಲು ಅರೆಬರೆ ಉರಿದು ಹುಟ್ಟುವ ಅನಿಲವೇ ಎಂಜಿನಿಗೆ ಆಹಾರ. ಶಕ್ತಿ ಬಹಳ ತಗ್ಗುತ್ತಿದ್ದುದರಿಂದ ಏರು ಬಂದಾಗ ಪ್ರಯಾಣಿಕರು ಇಳಿದು ತಳ್ಳುವುದು ಟಿಕೆಟಿನ ಜೊತೆಗೇ ಬಂದ ಕರ್ತವ್ಯ. ಇದನ್ನು ವಿನೋದವಾಗಿ ನೆನೆಯುವವರು ಮರೆಯುವ ಒಂದು ಸಂಗತಿಯಿದೆ. ಅನಿಲದೊಡನೆ ಸೋಸದೆ ಉಳಿದ ಬೂದಿಯೂ ಒಳಹೊಕ್ಕು ಸಿಲಿಂಡರನ್ನು ಉಜ್ಜಿ ಉಜ್ಜಿ ಸವೆಸುತ್ತಿತ್ತು. ಸವೆದ ಸಿಲಿಂಡರನ್ನು ಕೊರೆದು ತೋಳು ಹಾಕುವ, ಪಿಸ್ಟನಿಗೆ ಉಂಗುರ ಹೊಂದಿಸುವ ಕೆಲಸಕ್ಕೆ ಬೇಡಿಕೆ ಬಂತು. ಯುದ್ಧ ಮುಗಿಯಿತು, ಆ ಕೈಚಳಕ ಉಳಿಯಿತು.

ಈ ಕೈಚಳಕಕ್ಕೆ ನಿಜವಾದ ಪರೀಕ್ಷೆ ಒದಗಿದ್ದು ಸ್ವಾತಂತ್ರ್ಯದ ತರುವಾಯ. ಅದಕ್ಕೆ ಮೊದಲು ಒಂದು ತಪ್ಪಿಹೋದ ಅವಕಾಶದ ಮಾತು ಹೇಳಬೇಕು. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು ಅಮೆರಿಕಗಳನ್ನು ಸುತ್ತಿ, ಮೋಟಾರು ಕಾರ್ಖಾನೆಗಳನ್ನು ನೋಡಿ, ಭಾರತದಲ್ಲೇ ಕಾರು ತಯಾರಿಸುವ ಯೋಜನೆಯೊಂದನ್ನು ಹೆಣೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಅದರಲ್ಲಿ ಕೈಜೋಡಿಸಿದರು. ಮಿರ್ಜಾ ಇಸ್ಮಾಯಿಲ್ ಅವರ ದಿವಾನಗಿರಿಯ ಮೈಸೂರು ಸರ್ಕಾರ ನೆರವಿಗೆ ಮುಂದಾಗಿತ್ತು. ಭಾರತದ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಅದೇ ವಾಲ್‌ಚಂದರು ಮೈಸೂರು ಸರ್ಕಾರದೊಡನೆ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ್ದು ವಿಮಾನದ ಕಾರ್ಖಾನೆಯನ್ನು. ಕಾರಿನ ಕಾರ್ಖಾನೆ 1944ರಲ್ಲಿ ಪ್ರೀಮಿಯರ್ ಎಂಬ ಹೆಸರಿನಲ್ಲಿ ಬೊಂಬಾಯಿಯ ಪಾಲಾಯಿತು. ಕಾರಿಗಿಂತ ಮೊದಲು ವಿಮಾನ ಮಾಡಹೊರಟ ಊರು ಪ್ರಪಂಚದಲ್ಲಿ ಹೆಚ್ಚಿರಲಾರವು.

ಬೊಂಬಾಯಿಯಲ್ಲಿ ಆಗಲೇ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಕಂಪನಿಗಳು 1920ರ ದಶಕದಿಂದ ಪೆಟ್ಟಿಗೆಗಳಲ್ಲಿ ಬಂದ ಬಿಡಿಭಾಗಗಳನ್ನು ಜೋಡಿಸಿ ಕಾರು, ಲಾರಿಗಳನ್ನು ಮಾರುತ್ತಿದ್ದವು. 1953ರಲ್ಲಿ ಸುಂಕದ ಆಯೋಗ, ಪೂರ್ಣ ತಯಾರಿಕೆಯ ಯೋಜನೆಯಿಲ್ಲದೆ ಬರಿಯ ಜೋಡಣೆ ಮಾಡುವವರಿಗೆ ಇಲ್ಲಿ ಎಡೆಯಿಲ್ಲವೆಂಬ ಸಲಹೆ ಕೊಟ್ಟಿತು, ಸರ್ಕಾರ ಒಪ್ಪಿತು, ಎರಡು ಕಂಪನಿಗಳೂ ಬಾಗಿಲು ಹಾಕಿದವು. ನೀತಿ ಸರಿಯಾದದ್ದೇ. ದೇಶದೊಳಗೆ ಬಿಡಿಭಾಗದ ಉದ್ಯಮ ಬೆಳೆದದ್ದು ಅದರಿಂದ. ಬೆಂಗಳೂರಿನಲ್ಲಿ 1951ರಲ್ಲಿ ಸ್ಥಾಪನೆಯಾದ ಮೈಕೋ ಕಾರ್ಖಾನೆಯ ಸ್ಪಾರ್ಕ್ ಪ್ಲಗ್ಗು ಹಾಕದ ಕಾರು ಆಮೇಲೆ ನಮ್ಮ ಕಡೆ ಸಿಕ್ಕುವುದು ಕಷ್ಟವಾಯಿತು. ಆದರೆ ಹಳೆಯ ಫೋರ್ಡ್, ಶೆವರ್ಲೆಗಳನ್ನು ಆಗಲೇ ಕೊಂಡಿದ್ದವನ ಪಾಡೇನು? ಅವನ ಗಾಡಿಗೆ ತವರುಮನೆ ಇಲ್ಲದಂತಾಯಿತು. ಆಮದಿಗೆ ಲೈಸೆನ್ಸು ಬೇಕು. ಲೈಸೆನ್ಸು ಸಿಕ್ಕುವುದು ದೇವರ ದರ್ಶನಕ್ಕಿಂತ ದುರ್ಲಭ. ಅಂದಿನಿಂದ ಊರಿನ ಲೇತಿನವನು ಮೋಟಾರಿನ ಸಾಕುತಂದೆಯಾದನು. ಗೇರಿನ ಹಲ್ಲು ಮುರಿದರೆ ಲೋಹ ತುಂಬಿ ಅರದಿಂದ ಕೊರೆದನು. ಬುಷ್ ಸವೆದರೆ ಗನ್‌ಮೆಟಲ್ಲಿನಲ್ಲಿ ತಿರುವಿಕೊಟ್ಟನು. ಮುರಿದ ಕಮಾನಿಗೆ ಲಾರಿಯ ಕಮಾನಿನ ಪಟ್ಟಿಯನ್ನು ಕತ್ತರಿಸಿ ಹೊಂದಿಸಿದನು.

ಅವನು ಭಾಷೆಯನ್ನೂ ತನ್ನ ಲೇತಿಗೆ ಹಾಕಿದನು. ಕನ್ನಡದ ಮೇಷ್ಟರಾದ ನನಗೆ ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಕಿಡಿ ಹಂಚುವ ಉಪಕರಣವನ್ನು ನಮ್ಮ ಮೇಸ್ತ್ರಿಗಳು ‘ಡೆಲ್ಕೊ’ ಎನ್ನುತ್ತಾರೆ. ಅದು ಒಂದು ಅಮೆರಿಕನ್ ಕಂಪನಿಯ ಹೆಸರು, ಕಂಪನಿ ಹೋದರೂ ಹೆಸರು ವಸ್ತುವಿಗೆ ಅಂಟಿತು. ಹ್ಯಾಂಡಲ್ ಹೊಡೆಯದೆ ತನಗೆ ತಾನೇ ಎಬ್ಬಿಸುವ ಮೋಟಾರು ‘ಸೆಲ್ಫು’. ಕಾರಿನ ಹಿಂದೆ ಸಾಮಾನು ತುಂಬುವ ‘ಡಿಕ್ಕಿ’ ಹಳೆಯ ಕಾರುಗಳ ಹಿಂಭಾಗದಲ್ಲಿ ತೆರೆದುಕೊಳ್ಳುತ್ತಿದ್ದ ‘ಡಿಕಿ ಸೀಟ್’ ಎಂಬ ಹೊರಗಿನ ಆಸನದ ಪಳೆಯುಳಿಕೆ. ಆ ಆಸನವಿದ್ದ ಕಾರು ಹೋಗಿ ಎಷ್ಟೋ ಕಾಲವಾಯಿತು. ಶಬ್ದ ನಿನ್ನೆ ಕೊಂಡ ಕಾರಿನಲ್ಲೂ ಇದೆ. ವೃತ್ತಪತ್ರಿಕೆಯಲ್ಲಿ ಎರಡು ಕಾರುಗಳು ‘ಡಿಕ್ಕಿ’ ಹೊಡೆಯುವುದು ಬೇರೆ ಶಬ್ದ. ವಿದ್ಯಾರ್ಥಿಗಳು ಗೊಂದಲ ಮಾಡಿಕೊಳ್ಳಬಾರದು.

ಇನ್ನು ನನ್ನ ಗಾಡಿಯ ವಿಚಾರ. ಕಲ್ಕತ್ತೆಯ ಬಳಿಯ ಉತ್ತರಪಾರಾದ ಹಿಂದೂಸ್ಥಾನ್ ಮೋಟಾರ್ಸ್ ಕಾರ್ಖಾನೆ 1954ರಲ್ಲಿ ಹೊರತಂದ ಲ್ಯಾಂಡ್‌ಮಾಸ್ಟರ್, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಪಡಿಯಚ್ಚು. ಮುಂದೆ 2014ರವರೆಗೆ ತಯಾರಾದ ಅಂಬಾಸಡರಿಗೆ ಇದು ಅಣ್ಣ. 1476 ಸಿ.ಸಿ.ಯ ಎಂಜಿನು, ವಾಲ್ವುಗಳು ಇಂದಿನ ಕಾರುಗಳಂತೆ ತಲೆಯ ಮೇಲಿಲ್ಲದೆ ಸಿಲಿಂಡರಿನ ಪಕ್ಕದಲ್ಲಿವೆ. ಬ್ಯಾಟರಿಯ ಧನ ತಂತಿಯನ್ನು ಗಾಡಿಯ ಮೈಗೆ ಜೋಡಿಸಿದೆ. ಇಂದಿನ ಅಂಗಡಿಯ ಹುಡುಗರು ಋಣ ತಂತಿಯೇ ಮೈಗೆ ಹೋಗುವುದನ್ನು ಕಂಡವರಾದ್ದರಿಂದ, ಅವರು ಬಾನೆಟ್ಟಿನೊಳಗೆ ಕೈಹಾಕುವಾಗ ಪಕ್ಕದಲ್ಲೇ ನಿಂತಿರಬೇಕು. ಮಾರಿಸ್ ಕಂಪನಿಯ ಹಳೆಯ ಕೆಲವು ಎಂಜಿನುಗಳಲ್ಲಿ ಇನ್ನೊಂದು ವಿಚಿತ್ರವುಂಟು: ತಿರುಪಿನ ಹಲ್ಲು ಮಿಲಿಮೀಟರಿನ ಲೆಕ್ಕದ್ದು, ಪಾನ ಹಿಡಿಯುವ ತಲೆ ಇಂಗ್ಲಿಷ್ ಇಂಚಿನ ಲೆಕ್ಕದ್ದು. ಮಾರಿಸನು 1923ರಲ್ಲಿ ಫ್ರೆಂಚರ ಹಾಚ್‌ಕಿಸ್ ಕಂಪನಿಯ ಕವೆಂಟ್ರಿಯ ಕಾರ್ಖಾನೆಯನ್ನು ಯಂತ್ರಗಳ ಸಮೇತ ಕೊಂಡದ್ದರ ಫಲ ಇದು. ನಮ್ಮ ವೈಯಾಕರಣರು ನೋಡಿದ್ದರೆ ಅರಿಸಮಾಸವೆಂದು ಹಣೆಪಟ್ಟಿ ಹಚ್ಚುತ್ತಿದ್ದರು.

ಭಾನುವಾರದ ಬೆಳಗು ಈ ಗಾಡಿಗೆ ಮೀಸಲು. ಗ್ರೀಸು ಗನ್ನು ಹಿಡಿದು ಕೆಳಗೆ ನುಸುಳಿ ಕೀಲುಕೀಲಿಗೂ ಗ್ರೀಸು ತುಂಬಬೇಕು. ಇಂದಿನ ಕಾರುಗಳಿಗೆ ಈ ಉಪಚಾರವಿಲ್ಲ. ಡೆಲ್ಕೊದ ಪಾಯಿಂಟುಗಳ ನಡುವೆ ಇಂಚಿನ ಸಾವಿರದ ಹದಿನೈದು ಪಾಲಿನಷ್ಟು ಸಂದು ಇರಬೇಕು. ಅಳೆಯುವ ತಗಡು ಇಲ್ಲದವರು ವಿಸಿಟಿಂಗ್ ಕಾರ್ಡನ್ನು ತೂರಿಸಿ ನೋಡುತ್ತಿದ್ದರು, ಅದು ಹೆಚ್ಚುಕಡಿಮೆ ಸರಿಯಾದ ದಪ್ಪವೇ. ಕೊಳವೆಬಾವಿಯ ಗಡಸು ನೀರು ರೇಡಿಯೇಟರಿನೊಳಗೆ ಸುಣ್ಣ ಕಟ್ಟುವುದರಿಂದ ಮಳೆನೀರನ್ನು ಹಿಡಿದಿಟ್ಟುಕೊಳ್ಳುತ್ತೇನೆ. ತಾಮ್ರದ ವಾಷರು ಒಮ್ಮೆ ಬಿಗಿಸಿದರೆ ಬಿರುಸಾಗುತ್ತದೆ. ಅದನ್ನು ಕೆಂಪಗೆ ಕಾಯಿಸಿ ನೀರಿಗದ್ದಿದರೆ ಮತ್ತೆ ಮೆತ್ತಗಾಗುತ್ತದೆ. ಉಕ್ಕಿಗೆ ಇದೇ ಸಂಸ್ಕಾರ ಮಾಡಿದರೆ ಗಟ್ಟಿಯಾಗುತ್ತದೆ! ಇದನ್ನು ನನಗೆ ಕಲಿಸಿದ್ದು ಕಾಲೇಜಿನ ಲೋಹಶಾಸ್ತ್ರದ ಅಧ್ಯಾಪಕರಲ್ಲ, ತಿಪಟೂರಿನ ಒಬ್ಬ ವೃದ್ಧ ಮೇಸ್ತ್ರಿ. ತೆಂಗಿನ ಸೀಮೆಯ ವಿಶೇಷ ಶತ್ರುವೆಂದರೆ ಇಲಿ. ಕೊಬ್ಬರಿಗೆಂದು ಬಂದ ಇಲಿ ಹತ್ತಿಯ ನೂಲು ಹೆಣೆದ ಹಳೆಯ ತಂತಿಯ ರುಚಿ ಕಂಡಿತೆಂದರೆ ಆ ಗಾಡಿಗೆ ರಾತ್ರಿ ದೀಪವಿಲ್ಲ. ವಿಶೇಷ ಮಿತ್ರನೂ ತೆಂಗೇ: ಸೀಟಿನೊಳಗೆ ತುಂಬಿರುವುದು ನಮ್ಮ ಊರಿನ ನಾರು.

ಈ ಗಾಡಿಯ ಮೈಮೇಲೆ ಹಿಂದಿನವರ ಕೈಗಳು ಎದ್ದು ಕಾಣುತ್ತವೆ. ಪೆಟ್ರೋಲ್ ಟ್ಯಾಂಕಿನ ತಳಕ್ಕೆ ತಾಮ್ರದ ತೇಪೆ. ಮುಂಗಾಲಿಯ ಕೀಲಿನ ಬುಷ್ ಲೇತಿನಲ್ಲಿ ತಿರುವಿದ್ದು. ಎಡಗಡೆಯ ಹೆಡ್‌ಲೈಟಿನ ಬಳೆ ಹಿತ್ತಾಳೆಯ ತಗಡನ್ನು ಬಡಿದು ಮಾಡಿ ಮೆರುಗು ಹಾಕಿಸಿದ್ದು. ಬಲಗಡೆಯದರೊಡನೆ ಇಟ್ಟು ನೋಡಿದರೆ ಒಂದು ನೂಲಿನಷ್ಟು ದಪ್ಪ. ಬೆಂಗಳೂರಿನ ಒಂದು ಪ್ರದರ್ಶನದಲ್ಲಿ ತೀರ್ಪುಗಾರರೊಬ್ಬರು ಆ ಬಳೆಗೆ ಅಂಕ ಕಳೆದು, ಇಂಗ್ಲೆಂಡಿನಿಂದ ‘ಒರಿಜಿನಲ್’ ತರಿಸಿ ಹಾಕಿರೆಂದು ಸಲಹೆ ಕೊಟ್ಟರು. ತರಿಸುವುದು ಇಂದು ಕಷ್ಟವೂ ಅಲ್ಲ. ಆದರೆ ಹಾಗೆ ಮಾಡಬೇಕೇ ಎಂಬುದು ಬಳೆಯೊಂದರ ಪ್ರಶ್ನೆಯಲ್ಲ.

ಓಲೆಗರಿಗಳನ್ನು ಇಟ್ಟುಕೊಂಡು ಹಳೆಯ ಕಾವ್ಯವನ್ನು ಸಂಪಾದಿಸುವವರಿಗೆ ಇದು ಹೊಸ ಪ್ರಶ್ನೆಯೂ ಅಲ್ಲ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿ ಪಾಠ ಹೇಳುವ ನಮ್ಮಂಥವರು, ಲಿಪಿಕಾರನ ತಿದ್ದುಪಾಡುಗಳನ್ನು ಕಸವೆಂದು ಗುಡಿಸಿಹಾಕಬಾರದು, ಪಾಠಾಂತರವನ್ನು ಅಡಿಟಿಪ್ಪಣಿಯಲ್ಲಾದರೂ ಉಳಿಸಬೇಕು ಎಂದು ಹುಡುಗರಿಗೆ ವರ್ಷವರ್ಷವೂ ಹೇಳುತ್ತೇವೆ. ಕಟ್ಟಡಗಳ ರಕ್ಷಣೆಗೆಂದು 1964ರಲ್ಲಿ ವೆನಿಸ್ ನಗರದಲ್ಲಿ ವಿದ್ವಾಂಸರು ಒಪ್ಪಿದ ಸನ್ನದೂ ಬೇರೆ ಬೇರೆ ಕಾಲದವರು ಸೇರಿಸಿದ್ದನ್ನೆಲ್ಲ ಗೌರವಿಸತಕ್ಕದ್ದೆಂದಿತು. ದೆಹಲಿಯಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆಯವರು ಹಳೆಯ ಕಾರುಗಳ ರ‍್ಯಾಲಿಯನ್ನು ಆರಂಭಿಸಿದ್ದೂ ಅದೇ ವರ್ಷವೆಂಬುದು ಕಾಕತಾಳೀಯ. ಆ ಸನ್ನದನ್ನೇ ಮಾದರಿಯಾಗಿಟ್ಟುಕೊಂಡು ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ 2012ರ ಸುಮಾರಿನಲ್ಲಿ ಟೂರಿನ್ ಸನ್ನದನ್ನು ರೂಪಿಸಿತು. ಅಂದಮೇಲೆ ಹಿತ್ತಾಳೆಯ ಬಳೆ ಕಾರಿನ ಮೇಲಿನ ಕಲೆಯಲ್ಲ. ಆಮದು ನಿಂತ ಕಾಲದಲ್ಲಿ ಒಂದು ಊರು ಏನು ಮಾಡಿತೆಂಬುದಕ್ಕೆ ದಾಖಲೆ. ರೈಸ್ ಸಾಹೇಬರು 1904ರಲ್ಲಿ ತುಮಕೂರು ಜಿಲ್ಲೆಯ ಶಾಸನಗಳನ್ನು ಸಂಪುಟವಾಗಿ ಹೊರತಂದರು. ಇಂಥ ದಾಖಲೆಗಳಿಗೆ ಸಂಪುಟವಿಲ್ಲ. ಬಳೆ ಅಲ್ಲೇ ಇದೆ.

2021ರ ನಿಯಮದಲ್ಲೂ ವಾಹನ ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು ಎಂಬ ಮಾತಿದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಮೇಲೆ ನವೀಕರಣಕ್ಕೆ 5,000, ನಂಬರಿನ ನಡುವೆ ‘ವಿಎ’ ಎಂಬ ಅಕ್ಷರ, ಬಾಡಿಗೆಗೆ ಓಡಿಸಕೂಡದು. ಪೆಟ್ರೋಲ್ ಎಂಜಿನು ಕಿತ್ತು ಡೀಸೆಲ್ ಕೂರಿಸಿದ ಟ್ಯಾಕ್ಸಿಗಳನ್ನು ದೂರವಿಡಲು ಈ ಷರತ್ತು ನ್ಯಾಯವಾದದ್ದೇ. ತೇಪೆ, ಬುಷ್, ಬಳೆಗಳು ಮಾರ್ಪಾಡಲ್ಲ. ಈ ಭೇದವನ್ನು ಅಧಿಕಾರಿಗಳಿಗಿಂತ ಹವ್ಯಾಸಿಗಳೇ ಮರೆಯುತ್ತಿದ್ದಾರೆಂಬುದು ನನ್ನ ದೂರು. ದುಡ್ಡುಳ್ಳವರು ಗಾಡಿಯನ್ನು ಬಿಚ್ಚಿ, ಉಜ್ಜಿ, ಕಾರ್ಖಾನೆಯಿಂದ ನಿನ್ನೆ ಬಂದಂತೆ ಮಾಡಿ ನಿಲ್ಲಿಸುತ್ತಾರೆ. ಎಪ್ಪತ್ತು ವರ್ಷದ ಬದುಕು ಬಕೆಟ್ಟಿನ ಥಿನ್ನರಿನಲ್ಲಿ ಕರಗಿಹೋಗುತ್ತದೆ.

ಓಡಿಸುವವರಿಗೆ ತೊಂದರೆಗಳು ಬೇರೆ. 2000ದ ಫೆಬ್ರವರಿಯಿಂದ ಪೆಟ್ರೋಲಿನಲ್ಲಿ ಸೀಸವಿಲ್ಲ. ಅದು ಜನರ ಪುಪ್ಪುಸಕ್ಕೆ ಒಳ್ಳೆಯದು. ಸೀಸವನ್ನೇ ನಂಬಿದ್ದ ವಾಲ್ವಿನ ಪೀಠಗಳು ಮಾತ್ರ ಬೇಗ ಸವೆಯತೊಡಗಿ, ಗಟ್ಟಿ ಉಕ್ಕಿನ ಬಳೆ ಕೂರಿಸಬೇಕಾಯಿತು. ಸೀಸ ಬಂದದ್ದೇ 1923ರಲ್ಲಾದ್ದರಿಂದ ಅದಕ್ಕೂ ಹಿಂದಿನ ಮುದುಕ ಕಾರುಗಳಿಗೆ ಈ ಬಾಧೆಯಿಲ್ಲ. 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆತಿದೆ. ಅದು ನೀರು ಹೀರುತ್ತದೆ, ಹಳೆಯ ರಬ್ಬರನ್ನು ಊದಿಸುತ್ತದೆ, ಟ್ಯಾಂಕಿನ ತುಕ್ಕನ್ನು ಸಡಿಲಿಸಿ ಕಾರ್ಬೊರೇಟರಿನ ಸಣ್ಣ ತೂತಿಗೆ ತಂದು ಕೂರಿಸುತ್ತದೆ. ಬೇಸಗೆಯಲ್ಲಂತೂ ಬೋರನಕಣಿವೆಯನ್ನು ಮುಟ್ಟುವಷ್ಟರಲ್ಲಿ ಕೊಳವೆಯಲ್ಲೇ ಪೆಟ್ರೋಲು ಆವಿಯಾಗಿ ಗಾಡಿ ನಿಲ್ಲುತ್ತದೆ. ಕಟ್ಟೆಯ ಕೆಳಗಿನ ನೀರಿನಲ್ಲಿ ಪಂಚೆಯ ತುಂಡನ್ನು ಅದ್ದಿ ಪಂಪಿಗೆ ಸುತ್ತಿ, ಹುಣಸೆಮರದ ನೆರಳಲ್ಲಿ ಕಾಲು ಗಂಟೆ ಕುಳಿತರೆ ಸರಿಹೋಗುತ್ತದೆ. ಇವಕ್ಕೆಲ್ಲ ಉಪಾಯವುಂಟು. ಉಪಾಯ ಕಾಣದಿರುವುದು ಮನುಷ್ಯರ ವಿಚಾರದಲ್ಲಿ.

ನಾನು ಹೇಳಿದ ಮೇಸ್ತ್ರಿಗೆ ಎಂಬತ್ತು ದಾಟಿದೆ. ಮಕ್ಕಳು ಬೆಂಗಳೂರಿನಲ್ಲಿ ಬೇರೆ ಕೆಲಸದಲ್ಲಿದ್ದಾರೆ. ಅಂಗಡಿಯಲ್ಲಿ ಲೇತಿದೆ, ಶಿಷ್ಯನಿಲ್ಲ. ಕಾರ್ಬೊರೇಟರು ಇಲ್ಲದ ಕಾರುಗಳನ್ನೇ ನೋಡಿ ಬೆಳೆದ ಹುಡುಗರು ಅದನ್ನೇಕೆ ಕಲಿತಾರು? ಅವರ ಗಲ್ಲಾಪೆಟ್ಟಿಗೆಯ ಕೆಳಗೆ ರಟ್ಟು ಹರಿದ ಒಂದು ಲೆಕ್ಕದ ಪುಸ್ತಕವಿದೆ. ತಾವು ತಿರುವಿದ ಪ್ರತಿಯೊಂದು ಬುಷ್ಷು, ಪಿನ್ನು, ತೋಳಿನ ಒಳ ಅಳತೆ, ಹೊರ ಅಳತೆ, ಯಾವ ಕಾರಿಗೆ, ಯಾವ ಲೋಹ, ಎಷ್ಟು ಬಿಗಿ ಎಂಬುದನ್ನು ಕನ್ನಡದಲ್ಲಿ ಬರೆದಿಟ್ಟಿದ್ದಾರೆ. ಪಕ್ಕದಲ್ಲಿ ಕೆಲವೆಡೆ ‘ಬಿಸಿಯಲ್ಲಿ ಹಿಡಿಯಿತು, ಅರ್ಧ ನೂಲು ಕಡಿಮೆ ಮಾಡು’ ಎಂಬಂಥ ಟಿಪ್ಪಣಿ. ಯಾವ ಕಂಪನಿಯ ಕೈಪಿಡಿಯಲ್ಲೂ ಈ ವಿವರಗಳಿರಲಾರವು, ಏಕೆಂದರೆ ಇವೆಲ್ಲ ಕಂಪನಿ ಕೈಬಿಟ್ಟ ಮೇಲಿನ ಅಳತೆಗಳು.

ಪುಸ್ತಕವನ್ನು ಮನೆಗೆ ಒಯ್ಯಲು ಅವರು ಒಪ್ಪಲಿಲ್ಲ. ಅಲ್ಲೇ ಕುಳಿತು ಬರೆದುಕೊಳ್ಳಲು ಅಡ್ಡಿಯಿಲ್ಲವೆಂದರು. ಶನಿವಾರ ಸಂಜೆಗಳಲ್ಲಿ ಪ್ರತಿ ಮಾಡುತ್ತ ಬಂದು ಈಗ ಅರ್ಧಕ್ಕೂ ಹೆಚ್ಚು ಮುಗಿದಿದೆ. ಕೊನೆಯ ಹಾಳೆಗಳು ಗ್ರೀಸು ಹೀರಿ ಒಂದಕ್ಕೊಂದು ಅಂಟಿಕೊಂಡಿವೆ. ಅಂಟಿಕೊಂಡ ಓಲೆಗರಿಗಾದರೆ ನಿಂಬೆಹುಲ್ಲಿನ ಎಣ್ಣೆ ಸವರಿ ಬಿಡಿಸುವುದುಂಟು, ಕಾಗದಕ್ಕೆ ಏನು ಮಾಡಬೇಕೋ ಎಂದು ನಾನು ಯೋಚಿಸುತ್ತ ಕುಳಿತಿದ್ದೆ. ಯಜಮಾನರು ಲೇತಿನ ಪಟ್ಟಿಯನ್ನು ಬಿಗಿಮಾಡುತ್ತಲೇ ತಲೆಯೆತ್ತದೆ ಹೇಳಿದರು: “ಒಂದ್ ಹನಿ ಸೀಮೆಎಣ್ಣೆ ಬಿಡಿ ಮೇಷ್ಟ್ರೇ. ಸೀಸದ ಕಡ್ಡೀಲಿ ಬರ್ದಿರೋದು, ಹೋಗಲ್ಲ.”